ಆರು ಕೆಜಿ ನಾಯಿ, 42 ಹಲ್ಲು: ಕಚ್ಚುವ ಪುಟ್ಟ ನಾಯಿಗೆ ಯಾವ ದಾರಿ?

ನಮ್ಮ ಕಡ್ಲೆ ಮನೆಗೆ ಬಂದದ್ದು ಪರಿಷೆಯ ವಾರದಲ್ಲಿ. ಬಸವನಗುಡಿಯ ರಸ್ತೆ ತುಂಬ ಕಡಲೆಕಾಯಿ ರಾಶಿ, ಮಗಳ ಕೈಯಲ್ಲಿ ಬೊಗಸೆಯಷ್ಟು ಪಾಮೇರಿಯನ್ ಮರಿ. ಹೆಸರು ಹುಡುಕುವ ಕಷ್ಟವೇ ಬರಲಿಲ್ಲ. (ಇಲ್ಲಿ ನಾವು ಪಾಮೇರಿಯನ್ ಅನ್ನುವ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಆದರೆ ಆ ಹೆಸರು ಹೇಳಿದರೆ ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯುವುದಿಲ್ಲ.)

ಮರಿ ಗುರ್ ಅಂದರೆ ಎಲ್ಲರಿಗೂ ನಗು. "ಅಬ್ಬಾ, ಏನ್ ಕೋಪ ನೋಡೇ ಇವನಿಗೆ!" ಅಂತ ಬಂದವರೆಲ್ಲ ಕೆಣಕಿ ಕೆಣಕಿ ಗುರ್ ಅನ್ನಿಸುತ್ತಿದ್ದರು. ಅದೇ ಗುರ್ ಒಂದು ಲ್ಯಾಬ್ರಡಾರ್ ಬಾಯಿಂದ ಬಂದಿದ್ದರೆ ಯಾರೂ ನಗುತ್ತಿರಲಿಲ್ಲ, ಅಲ್ವಾ? ಮೂರನೇ ವರ್ಷದಲ್ಲಿ ಒಂದು ಸಂಜೆ, ಸೋಫಾ ಮೇಲೆ ಮಲಗಿದ್ದವನನ್ನು ಎತ್ತಿ ಕೆಳಗಿಡಲು ಹೋದ ನಮ್ಮತ್ತೆಯ ಕೈಗೆ ಬಾಯಿ ಹಾಕಿದ. ಎರಡು ತೂತು. ಅತ್ತೆಗೆ ನೋವಿಗಿಂತ ಬೇಜಾರು ಜಾಸ್ತಿ ಆಯಿತು. ದಿನಾ ಮೊಸರನ್ನ ಕಲಸಿ ಹಾಕುತ್ತಿದ್ದ ಕೈ ಅದು.

ಆಮೇಲೆ ಸಲಹೆಗಳ ಮಳೆ. ಟ್ರೈನರ್ ಕರೆಸಿ, ಟ್ರೈನಿಂಗ್ ಸೆಂಟರ್‌ಗೆ ಕಳಿಸಿ, ಸಂತಾನಹರಣದ ಆಪರೇಷನ್ ಮಾಡಿಸಿ, ಬಾಯಿಗೆ ಕಟ್ಟಿ, ನಾಲ್ಕು ಬಾರಿಸಿ, ಯಾರಿಗಾದರೂ ಕೊಟ್ಟುಬಿಡಿ. ಇವುಗಳಲ್ಲಿ ಸುಮಾರನ್ನು ನಾವು ಮಾಡಿ ನೋಡಿದೆವು, ಅದೂ ತಪ್ಪಾದ ಸರದಿಯಲ್ಲಿ. ನಿಮ್ಮ ಮನೆಯಲ್ಲಿ ಇಂಥದೊಂದು ಪುಟ್ಟ ರೌಡಿ ಇದ್ದರೆ ನೀವಾದರೂ ಸರಿಯಾದ ಸರದಿಯಲ್ಲಿ ಹೋಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಚ್ಚಿದ ದಿನ ಆಯ್ಕೆ ಇಲ್ಲ

ದಾರಿಗಳನ್ನು ಹೋಲಿಸುವ ಮುಂಚೆ ಒಂದು ಮಾತು. ಹಲ್ಲು ಚರ್ಮಕ್ಕೆ ಇಳಿದಿದ್ದರೆ ಆ ಜಾಗವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ನಾವು ಅಂದುಕೊಂಡದ್ದಕ್ಕಿಂತ ತುಂಬ ಉದ್ದ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ನಂತರ ನೇರ ಆಸ್ಪತ್ರೆಗೆ. "ನಮ್ಮದೇ ನಾಯಿ, ಇಂಜೆಕ್ಷನ್ ಹಾಕಿಸಿದ್ದೀವಿ" ಅನ್ನುವುದನ್ನು ಡಾಕ್ಟರ ಹತ್ತಿರ ಹೇಳಿ. ಆದರೆ ಆ ಕಾರಣಕ್ಕೆ ಮನೆಯಲ್ಲೇ ಕೂತುಬಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಔಷಧಿ ಇಲ್ಲ.

ಸ್ನಾಯುವಿಗೆ ಕೊಡುವ ಲಸಿಕೆಯಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7, 28. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಇಂದಿರಾನಗರದ ಐಸೋಲೇಷನ್ ಆಸ್ಪತ್ರೆ, ವಿಕ್ಟೋರಿಯಾ, ಕೆ.ಆರ್. ರಸ್ತೆಯ ಕಿಮ್ಸ್ ಇವೆಲ್ಲ ನಾಯಿ ಕಡಿತಕ್ಕೆ ಜನ ಹೋಗುವ ಜಾಗಗಳು. ಕಚ್ಚಿದ ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಎಲ್ಲೋ ಬಿಟ್ಟು ಬಂದರೆ, ಅದಕ್ಕೆ ರೇಬೀಸ್ ಇತ್ತೋ ಇಲ್ಲವೋ ಅಂತ ತಿಳಿಯುವ ಈ ದಾರಿಯೂ ಮುಚ್ಚಿಹೋಗುತ್ತದೆ.

ಎಷ್ಟು ಜೋರಾಗಿ ಕಚ್ಚಿತು?

ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ನಾಯಿಯ ಜಾತಿಗಿಂತ ಈ ಪ್ರಶ್ನೆಯೇ ಹೆಚ್ಚು ತೀರ್ಮಾನಿಸುತ್ತದೆ. ಇಯಾನ್ ಡನ್ಬಾರ್ ಅನ್ನುವ ಪಶುವೈದ್ಯರು ಇದಕ್ಕೊಂದು ಆರು ಮೆಟ್ಟಿಲಿನ ಅಳತೆ ಮಾಡಿಟ್ಟಿದ್ದಾರೆ. ಮೊದಲನೆಯದರಲ್ಲಿ ನಾಯಿ ಕಚ್ಚುವ ಹಾಗೆ ಮುನ್ನುಗ್ಗುತ್ತದೆ, ಹಲ್ಲು ತಾಗುವುದಿಲ್ಲ. ಎರಡರಲ್ಲಿ ಹಲ್ಲು ತಾಗುತ್ತದೆ, ತೂತು ಆಗುವುದಿಲ್ಲ. ಮೂರು ಅಂದರೆ ಒಂದೇ ಸಲ ಕಚ್ಚಿ ಒಂದರಿಂದ ನಾಲ್ಕು ತೂತು, ಯಾವುದೂ ಕೋರೆಹಲ್ಲಿನ ಅರ್ಧಕ್ಕಿಂತ ಆಳ ಇಲ್ಲ. ನಾಲ್ಕು ಅಂದರೆ ಅದಕ್ಕಿಂತ ಆಳ, ಹಿಡಿದು ಅಲ್ಲಾಡಿಸಿದ ಗುರುತು. ಐದರಲ್ಲಿ ಅಂಥ ಕಡಿತ ಮತ್ತೆ ಮತ್ತೆ. ಆರು, ಸಾವು.

ಅತ್ತೆಯ ಕೈಗೆ ಆದದ್ದು ಮೂರು. ಆದರೆ ನಾವು ಮನಸ್ಸಿನಲ್ಲಿ "ಪುಟ್ಟ ನಾಯಿ, ಸುಮ್ನೆ ಚುಚ್ಚಿದೆ" ಅಂತ ಬರೆದುಕೊಂಡೆವು. ಸಣ್ಣ ನಾಯಿ ಸಾಕಿದವರು ಬೀಳುವ ಗುಂಡಿ ಇದೇ. ಕೋರೆಹಲ್ಲು ಚಿಕ್ಕದು, ಹಾಗಾಗಿ ಗಾಯವೂ ಚಿಕ್ಕದು. ನಾಯಿಯ ಮನಸ್ಸಿನಲ್ಲಿ ಇದ್ದ ಹೆದರಿಕೆ ಚಿಕ್ಕದೇನಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಹಲವು ತಳಿಗಳನ್ನು ಹೋಲಿಸಿದಾಗ ಮನುಷ್ಯರ ಮೇಲೆ ಎಗರುವುದರಲ್ಲಿ ಮುಂದೆ ಇದ್ದದ್ದು ಡ್ಯಾಶ್‌ಹೌಂಡ್, ಚಿವಾವಾ, ಜಾಕ್ ರಸೆಲ್‌ನಂಥವು. ಮೂರೂ ಮಡಿಲಲ್ಲಿ ಕೂರುವಷ್ಟೇ ದೊಡ್ಡವು.

ನನ್ನ ಲೆಕ್ಕ ಹೀಗೆ. ಒಂದು, ಎರಡು ಆಗಿದ್ದು ಯಾಕೆ ಅಂತ ನಿಮಗೆ ಗೊತ್ತಿದ್ದರೆ ಮನೆಯಲ್ಲೇ ಶುರು ಮಾಡಬಹುದು. ಮೂರು ಆದರೆ ಪಶುವೈದ್ಯರು, ಆಮೇಲೆ ಮನೆಗೇ ಬರುವ ಟ್ರೈನರ್. ನಾಲ್ಕು ಅಥವಾ ಮೇಲಾದರೆ ಟ್ರೈನರ್ ಒಬ್ಬರಿಂದ ಆಗುವ ಕೆಲಸ ಅಲ್ಲ. ಡಾಕ್ಟರು, ಔಷಧಿ, ಬಾಯಿಕುಕ್ಕೆ, ಮನೆಯ ವ್ಯವಸ್ಥೆ ಎಲ್ಲ ಒಟ್ಟಿಗೆ ಬೇಕು. ಮನೆಯಲ್ಲಿ ಅಂಬೆಗಾಲಿಡುವ ಮಗುವೋ, ತೆಳ್ಳಗಿನ ಚರ್ಮದ ಅಜ್ಜಿಯೋ ಇದ್ದರೆ ಒಂದು ಮೆಟ್ಟಿಲು ಸೇರಿಸಿಯೇ ಲೆಕ್ಕ ಹಾಕಿ. ನಾಲ್ಕೈದು ತಿಂಗಳ ಮರಿ ಹಲ್ಲು ಬದಲಾಗುವಾಗ ಕಂಡದ್ದನ್ನೆಲ್ಲ ಕಚ್ಚುವುದು ಬೇರೆ ವಿಷಯ. ಅದಕ್ಕೆ ಅಗಿಯಲು ಏನಾದರೂ ಕೊಟ್ಟರೆ ಸಾಕು, ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ.

ಡಾಕ್ಟರೋ ಟ್ರೈನರೋ, ಯಾರು ಮೊದಲು?

ಡಾಕ್ಟರು. ನಾವು ಉಲ್ಟಾ ಮಾಡಿದೆವು. ಎಂಟು ತಿಂಗಳು ಹೋಯಿತು.

ಕಡ್ಲೆ ಓಡುವಾಗ ಒಮ್ಮೊಮ್ಮೆ ಹಿಂದಿನ ಎಡಗಾಲು ಎತ್ತಿ ಎರಡು ಹೆಜ್ಜೆ ಕುಪ್ಪಳಿಸುತ್ತಿದ್ದ. ಮತ್ತೆ ಮಾಮೂಲಿ ಓಟ. ಕುಂಟಾಬಿಲ್ಲೆ ಆಡುತ್ತಾನೆ ಅಂತ ಮಗಳು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದ್ದಳು. ಕೊನೆಗೆ ಆ ವಿಡಿಯೋವನ್ನೇ ಡಾಕ್ಟರಿಗೆ ತೋರಿಸಿದಾಗ ಅವರು ನಗಲಿಲ್ಲ. ಮಂಡಿ ಒತ್ತಿ ನೋಡಿ, "ಮೇಡಂ, ಇವನ ಮಂಡಿಚಿಪ್ಪು ಜಾರ್ತಾ ಇದೆ. ಎತ್ತೋವಾಗ ಹಿಂದ್ಗಡೆ ಕೈ ಹಾಕ್ತೀರಲ್ಲ, ಅಲ್ಲೇ ನೋವು" ಅಂದರು. ಪಾಮೇರಿಯನ್, ಶಿಟ್ಜು, ಚಿವಾವಾದಂಥ ಸಣ್ಣ ತಳಿಗಳಲ್ಲಿ ಇದು ತುಂಬ ಸಾಮಾನ್ಯವಂತೆ. ಜೊತೆಗೆ ಹಿಂದಿನ ಎರಡು ದವಡೆ ಹಲ್ಲು ಹಾಳಾಗಿದ್ದವು. ಅತ್ತೆ ಎತ್ತಲು ಹೋದದ್ದು ಸರಿಯಾಗಿ ಆ ಕಾಲಿನ ಕೆಳಗೆ ಕೈ ಕೊಟ್ಟು.

2020ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ತಂಡ ಇದೇ ವಿಷಯ ಬರೆದಿತ್ತು. ನಡವಳಿಕೆಯ ತೊಂದರೆ ಅಂತ ಅವರ ಹತ್ತಿರ ಬರುವ ಪ್ರಾಣಿಗಳಲ್ಲಿ, ಕಡಿಮೆ ಹಿಡಿದರೂ ಮೂರರಲ್ಲಿ ಒಂದಕ್ಕೆ ಎಲ್ಲೋ ಒಂದು ನೋವು ಇರುತ್ತದೆ ಅಂತ. ನೋವಿರುವ ನಾಯಿಗೆ "ಕೂರು, ಏಳು" ಕಲಿಸಲು ದುಡ್ಡು ಕೊಟ್ಟವರು ನಾವು.

ಹಾಗಾಗಿ ಮೊದಲು ಬಾಯಿ ವಾಸನೆ, ಕಿವಿ, ಕಣ್ಣು, ಬೆನ್ನು, ಮಂಡಿ ನೋಡಿಸಿ. ಡ್ಯಾಶ್‌ಹೌಂಡ್ ಆದರೆ ಬೆನ್ನುಹುರಿ ಮುಖ್ಯ. ಶಿಟ್ಜು, ಲಾಸಾ ಆದರೆ ಕಣ್ಣು, ಜೊತೆಗೆ ಗಂಟು ಕಟ್ಟಿದ ಕೂದಲು. ಆ ಗಂಟು ಒಂದೊಂದು ಹೆಜ್ಜೆಗೂ ಚರ್ಮ ಎಳೆಯುತ್ತದೆ. ಕಿವಿ ಕೆರೆದುಕೊಳ್ಳುವ ನಾಯಿ ತಲೆ ಸವರಿದರೆ ಕಚ್ಚುವುದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಊರಿನ ಉಣ್ಣೆಗಳ ಕಾಟದಲ್ಲಿ ಟಿಕ್ ಫೀವರ್‌ಗೂ ಒಂದು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಎಲ್ಲಿಗೆ ಹೋಗುವುದು? ಬೀದಿ ಕೊನೆಯ ಕ್ಲಿನಿಕ್ಕಿನ ಲಾಭ, ಅಲ್ಲಿಯ ಡಾಕ್ಟರಿಗೆ ನಾಯಿ ಗೊತ್ತು, ನಾಯಿಗೆ ಅವರ ವಾಸನೆ ಗೊತ್ತು. ಮೊದಲ ತಪಾಸಣೆಗೆ ಅಷ್ಟು ಸಾಕು. ಎಕ್ಸ್‌ರೇ, ಮೂಳೆ ತಜ್ಞರು ಬೇಕಾದರೆ ಹೆಬ್ಬಾಳದ ಪಶುವೈದ್ಯ ಕಾಲೇಜು ಇದೆ. 1958ರ ಕಾಲೇಜು, ವಿಭಾಗವಾರು ವೈದ್ಯರಿದ್ದಾರೆ, ಖರ್ಚು ಕಡಿಮೆ. ಆದರೆ ಹನುಮಂತನಗರದಿಂದ ಹೆಬ್ಬಾಳಕ್ಕೆ ಟ್ರಾಫಿಕ್ಕಿನಲ್ಲಿ ಹೋಗಿ, ಬೇರೆ ನಾಯಿಗಳ ನಡುವೆ ಕಾಯುವುದು ಹೆದರುಪುಕ್ಕಲು ನಾಯಿಗೆ ದೊಡ್ಡ ಶಿಕ್ಷೆ. ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ದಕ್ಷಿಣದ ಕಡೆಯವರಿಗೆ ಸ್ವಲ್ಪ ಹತ್ತಿರ. ಎಲ್ಲಿಗೇ ಹೋದರೂ ನಾಯಿ ಮನೆಯಲ್ಲಿ ನಡೆಯುವ, ಮೆಟ್ಟಿಲು ಹತ್ತುವ, ತಿನ್ನುವ ವಿಡಿಯೋ ತೆಗೆದುಕೊಂಡು ಹೋಗಿ. ಡಾಕ್ಟರ ಮೇಜಿನ ಮೇಲೆ ಹೆಚ್ಚಿನ ನಾಯಿಗಳು ಕಲ್ಲಿನಂತೆ ಕೂತುಬಿಡುತ್ತವೆ. ಕುಂಟು ಅಲ್ಲಿ ಕಾಣಿಸುವುದೇ ಇಲ್ಲ. ಹಾಗಂತ ವಿಡಿಯೋಗೋಸ್ಕರ ಕೆಣಕಿ ಕಚ್ಚಿಸಿಕೊಳ್ಳಬೇಡಿ.

ನಾವೇ, ಗುಂಪು ಕ್ಲಾಸು, ಮನೆಗೆ ಬರುವವರು, ಬಿಟ್ಟು ಬರುವ ಜಾಗ

ತರಬೇತಿಗೆ ಬೆಂಗಳೂರಿನಲ್ಲಿ ಈ ನಾಲ್ಕು ದಾರಿ ಇವೆ. ನಾಲ್ಕೂ ಒಂದೇ ಕೆಲಸ ಮಾಡುತ್ತವೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ.

ಗುಂಪು ಕ್ಲಾಸಿನ ಮಾತು ಬೇಗ ಮುಗಿಸುತ್ತೇನೆ. ಮರಿಗೆ ಇದು ಚೆನ್ನ. ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿ ಕಂಡದ್ದನ್ನೆಲ್ಲ ಲೋಕದ ಮಾಮೂಲಿ ಅಂತ ಒಪ್ಪಿಕೊಳ್ಳುವ ವಯಸ್ಸು. ಲಸಿಕೆ ಎಷ್ಟಾಗಿದೆ ಅಂತ ಡಾಕ್ಟರ ಹತ್ತಿರ ಕೇಳಿಕೊಂಡು ಹೋಗಬೇಕು, ಅಷ್ಟೇ. ಆಗಲೇ ಕಚ್ಚಲು ಕಲಿತ ದೊಡ್ಡ ನಾಯಿಗೆ ಹತ್ತು ನಾಯಿ, ಹತ್ತು ಅಪರಿಚಿತರ ನಡುವೆ ಪಾಠ ತಲೆಗೆ ಹತ್ತುವುದಿಲ್ಲ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ನಾಯಿ ಜಾತ್ರೆಗೆ ಕರೆದುಕೊಂಡು ಹೋದರೆ ಸರಿಹೋಗುತ್ತಾನೆ ಅಂತ ಒಬ್ಬರು ಹೇಳಿದ್ದರು. ಕಡ್ಲೆ ಕಾರಿನ ಸೀಟಿನ ಕೆಳಗಿಂದ ಹೊರಗೇ ಬರಲಿಲ್ಲ.

ಊರ ಹೊರಗೆ ಬಿಟ್ಟು ಬರುವ ಸೆಂಟರ್ ನಮ್ಮನ್ನು ಸೆಳೆದದ್ದು ಸುಲಭ ಅಂತ. ತೋಟದಂಥ ಜಾಗ, ಮೂರು ವಾರದ ಪ್ಯಾಕೇಜು, ವಾಟ್ಸಾಪಿನಲ್ಲಿ ದಿನಾ ಫೋಟೋ. ನಾಲ್ಕರಲ್ಲಿ ಅತಿ ದುಬಾರಿ ಇದೇ. ವಾಪಸು ಬಂದ ಕಡ್ಲೆ ಬಲು ವಿಧೇಯ. ಕೂರು ಅಂದರೆ ಕೂರುತ್ತಾನೆ, ಗುರ್ ಅನ್ನುವುದೇ ಇಲ್ಲ. ನಾವು ಹಿಗ್ಗಿಹೋದೆವು. ಹನ್ನೊಂದನೇ ದಿನ ಮೇಲಿನ ಮನೆಯ ಹುಡುಗ ಬಗ್ಗಿ ಎತ್ತಲು ಹೋದ. ಕಡ್ಲೆ ಒಂದು ಸದ್ದೂ ಮಾಡದೆ ನೇರ ಕಚ್ಚಿದ. ಮೊದಲಾದರೆ ಗುರ್ ಅನ್ನುತ್ತಿದ್ದ, ಹುಡುಗ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ.

ಅಲ್ಲಿ ಏನು ಮಾಡಿದರು ಅಂತ ನಾನು ಕಣ್ಣಾರೆ ಕಂಡಿಲ್ಲ. ಫೋನಿನಲ್ಲಿ ಕೇಳಿದಾಗ "ಗುರ್ ಅಂದ್ರೆ ಕರೆಕ್ಷನ್ ಕೊಟ್ಟಿದೀವಿ ಮೇಡಂ" ಅಂದರು. ಅಂದರೆ ಕುತ್ತಿಗೆಯ ಚೈನು ಜಗ್ಗಿದ್ದು. ಬೊಗಳೋ ನಾಯಿ ಕಚ್ಚೋದಿಲ್ಲ ಅಂತ ನಮ್ಮ ಗಾದೆ. ಗಾದೆಯನ್ನು ಪೂರ್ತಿ ನಂಬಬೇಡಿ, ಆದರೆ ಅದರೊಳಗೊಂದು ತಿರುಳಿದೆ. ಗುರ್ ಅನ್ನುವುದು ನಾಯಿ ಕೊಡುವ ನೋಟಿಸು. ನೋಟಿಸು ಹರಿದುಹಾಕಿದರೆ ಹೆದರಿಕೆ ಹೋಗುವುದಿಲ್ಲ. ನೋಟಿಸು ಕೊಡುವುದಷ್ಟೇ ನಿಲ್ಲುತ್ತದೆ.

ಎಲ್ಲ ಸೆಂಟರ್‌ಗಳೂ ಹೀಗೆ ಅನ್ನಲಾರೆ. ನಾವು ಊರಿಗೆ ಹೋಗುವಾಗ ನಾಯಿ ಬಿಡಲು, ನಡಿಗೆ ಕಲಿಸಲು ಒಳ್ಳೆಯ ಜಾಗಗಳು ಇರಬಹುದು. ಆದರೆ ಕಚ್ಚುವುದು ನಡೆಯುವುದು ನಮ್ಮ ಸೋಫಾ ಮೇಲೆ, ನಮ್ಮ ಬಾಗಿಲ ಹತ್ತಿರ, ನಮ್ಮ ಅತ್ತೆಯ ಕೈಗೆ. ತೋಟದಲ್ಲಿ ಕಲಿತ ಪಾಠ ಸೋಫಾಕ್ಕೆ ತಾನಾಗಿ ಬರುವುದಿಲ್ಲ. ಕಲಿಯಬೇಕಾದವರಲ್ಲಿ ನಾವೂ ಇದ್ದೆವು, ನಮ್ಮನ್ನು ಯಾರೂ ಮೂರು ವಾರ ಕರೆದುಕೊಂಡು ಹೋಗಲಿಲ್ಲ.

ಇನ್ನು ಉಳಿದದ್ದು ನಾವೇ ಮಾಡುವುದು, ಮನೆಗೇ ಟ್ರೈನರ್ ಕರೆಸುವುದು. ಖರ್ಚಿಲ್ಲದ ದಾರಿ ಮೊದಲನೆಯದು. ಅದರ ತೊಂದರೆ, ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಕಾನೂನು. ನಾನು ಸೋಫಾ ಬೇಡ ಅನ್ನುತ್ತೇನೆ, ಮಗಳು ಹತ್ತಿಸಿಕೊಳ್ಳುತ್ತಾಳೆ, ಯಜಮಾನರು ಚಪ್ಪಲಿ ತೋರಿಸುತ್ತಾರೆ, ಅತ್ತೆ "ಪಾಪ, ಬಿಡು" ಅನ್ನುತ್ತಾರೆ. 2010ರಲ್ಲಿ ವಿಯೆನ್ನಾದಲ್ಲಿ ಸಣ್ಣ ನಾಯಿ ಮತ್ತು ದೊಡ್ಡ ನಾಯಿ ಸಾಕಿದವರನ್ನು ಹೋಲಿಸಿದ್ದರು. ಸಣ್ಣ ನಾಯಿಯ ಮನೆಗಳಲ್ಲೇ ಇವತ್ತೊಂದು ನಾಳೆಯೊಂದು ನಡವಳಿಕೆ ಜಾಸ್ತಿ ಕಂಡಿತು. ಶಿಕ್ಷೆ ಜಾಸ್ತಿ ಇದ್ದಲ್ಲಿ ನಾಯಿಯ ಕೋಪವೂ ಜಾಸ್ತಿ ಇತ್ತು. ಓದಿದಾಗ ನಮ್ಮ ಹಾಲಿನಲ್ಲೇ ಕೂತು ಬರೆದ ಹಾಗಿತ್ತು.

ಮನೆಗೆ ಬಂದ ಟ್ರೈನರ್ ಮೊದಲ ದಿನ ನಾಯಿಯನ್ನು ಮುಟ್ಟಲೇ ಇಲ್ಲ. ಒಂದು ಗಂಟೆ ನಮ್ಮನ್ನು ನೋಡುತ್ತಾ ಕೂತಿದ್ದರು. ಆಮೇಲೆ ಒಂದು ಪುಸ್ತಕದಲ್ಲಿ ಯಾವಾಗ, ಎಲ್ಲಿ, ಯಾರು, ಅದಕ್ಕೆ ಮುಂಚೆ ಏನಾಯಿತು ಅಂತ ಬರೆಯಲು ಹೇಳಿದರು. ಎರಡು ವಾರದಲ್ಲಿ ಚಿತ್ರ ಬಿತ್ತು: ಎತ್ತುವುದು, ಸೋಫಾದಿಂದ ಇಳಿಸುವುದು, ಬಾಯಲ್ಲಿರುವುದನ್ನು ಕಿತ್ತುಕೊಳ್ಳುವುದು, ಬಾಗಿಲ ಬೆಲ್ಲು. ಇಡೀ ದಿನ ಸಿಟ್ಟಿನ ನಾಯಿ ಅಂದುಕೊಂಡಿದ್ದೆವು. ನಾಲ್ಕೇ ಜಾಗ ಇತ್ತು.

ಪ್ರತಿಯೊಂದಕ್ಕೂ ಪರಿಹಾರ ಸಪ್ಪೆ ಅನ್ನಿಸುವಷ್ಟು ಸರಳ. ಎತ್ತುವುದನ್ನೇ ನಿಲ್ಲಿಸಿದೆವು. ಸೋಫಾ ಪಕ್ಕ ಒಂದು ಮಣೆ ಇಟ್ಟು, ಪನೀರಿನ ಚೂರು ನೆಲಕ್ಕೆ ಹಾಕಿ "ಇಳಿ" ಅನ್ನುವುದು. ಇಳಿದ ಮೇಲೆ ಇನ್ನೊಂದು ಚೂರು. ಬಾಯಲ್ಲಿ ಕಾಲುಚೀಲ ಇದ್ದರೆ ಕಿತ್ತುಕೊಳ್ಳದೆ ಅದಕ್ಕಿಂತ ರುಚಿಯಾದದ್ದು ಕೊಟ್ಟು ಬದಲಿ ಮಾಡಿಕೊಳ್ಳುವುದು. ಬೆಲ್ಲಿಗೆ ಮಾತ್ರ ತಿಂಗಳುಗಟ್ಟಲೆ ಹಿಡಿಯಿತು. ಮೊದಲು ಫೋನಿನಲ್ಲಿ ಬೆಲ್ಲಿನ ಸದ್ದು, ಅವನಿಗೆ ಕಿವಿ ನಿಮಿರುವಷ್ಟೇ ಸಣ್ಣಗೆ. ಸದ್ದಿನ ಹಿಂದೆಯೇ ಪನೀರು. ಬೊಗಳಿದನೋ, ಸದ್ದು ಜಾಸ್ತಿಯಾಯಿತು ಅಂತ ಅರ್ಥ. ಇನ್ನೂ ಕಡಿಮೆ ಮಾಡಬೇಕು. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ಆಮೇಲೆ ನಿಜವಾದ ಬೆಲ್ಲು, ಆಮೇಲೆ ಬಾಗಿಲಾಚೆ ಪರಿಚಯದವರು. ಬೆಲ್ಲು ಅಂದರೆ ಅಪಾಯ ಅನ್ನುವ ಜಾಗದಲ್ಲಿ ಬೆಲ್ಲು ಅಂದರೆ ಪನೀರು ಅಂತ ಕೂರಬೇಕು. ಮಾಂಸ ಮಾಡುವ ಮನೆಯಾದರೆ ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಇನ್ನೂ ಒಳ್ಳೆಯದು. ಈರುಳ್ಳಿ, ದ್ರಾಕ್ಷಿ, ಚಾಕಲೇಟು ಮಾತ್ರ ಯಾವ ಕಾರಣಕ್ಕೂ ಬೇಡ.

ಟ್ರೈನರ್ ಅಂತ ಬೋರ್ಡು ಹಾಕಲು ನಮ್ಮಲ್ಲಿ ಪರೀಕ್ಷೆ, ಪರವಾನಗಿ ಏನೂ ಬೇಕಿಲ್ಲ. ಆದ್ದರಿಂದ ಕೇಳುವ ಕೆಲಸ ನಿಮ್ಮದೇ. ನಾನು ಈಗಾದರೆ ಫೋನಿನಲ್ಲೇ ಮೂರು ಕೇಳುತ್ತೇನೆ. ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ? ಡಾಕ್ಟರಿಗೆ ತೋರಿಸಿದ್ದೀರಾ ಅಂತ ನಮ್ಮನ್ನು ಕೇಳುತ್ತೀರಾ? ಪಾಠ ಮಾಡುವಾಗ ನಾವು ಪಕ್ಕದಲ್ಲೇ ಇರಬಹುದಾ? "ಇಷ್ಟು ದಿನದಲ್ಲಿ ಗ್ಯಾರಂಟಿ" ಅಂದರೆ ನಮಸ್ಕಾರ ಹೇಳಿ ಫೋನ್ ಇಡುತ್ತೇನೆ.

ಹೊಡೆಯುವುದು, ಹೆದರಿಸುವುದು

ಇದನ್ನು ಒಂದು ಆಯ್ಕೆ ಅಂತ ಬರೆಯಲು ಮನಸ್ಸಿಲ್ಲ. ಆದರೆ ಎಲ್ಲರೂ ಹೇಳುವ ಮೊದಲ ಸಲಹೆ ಇದೇ ಆದ್ದರಿಂದ ಬಿಡುವಂತಿಲ್ಲ. "ಯಜಮಾನ ಯಾರು ಅಂತ ತೋರಿಸಿ, ಅಂಗಾತ ಮಲಗಿಸಿ ಅದುಮಿ" ಅನ್ನುತ್ತಾರೆ. ತೋಳದ ಗುಂಪಿನಲ್ಲಿ ಒಬ್ಬ ಗೂಂಡಾ ನಾಯಕ ಇರುತ್ತಾನೆ ಅನ್ನುವ ಹಳೆಯ ಕಲ್ಪನೆಯಿಂದ ಬಂದದ್ದು ಇದು. ಆ ಮಾತು ಹರಡಲು ಕಾರಣರಾದವರಲ್ಲಿ ಒಬ್ಬರಾದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಷ್ಟೇ.

2009ರಲ್ಲಿ ಅಮೆರಿಕದಲ್ಲಿ 140 ನಾಯಿಗಳ ಯಜಮಾನರನ್ನು ಕೇಳಿದ ಒಂದು ಅಧ್ಯಯನ ಇದೆ. ಹೊಡೆದು, ಒದ್ದು ನೋಡಿದವರಲ್ಲಿ 43 ಶೇಕಡಾ ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಬಾಯಿಯಿಂದ ಬಲವಂತವಾಗಿ ಕಿತ್ತುಕೊಂಡವರಲ್ಲಿ 39, ಅಂಗಾತ ಅದುಮಿದವರಲ್ಲಿ 31. ಚಪ್ಪಲಿ ತೋರಿಸುವ ನಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿದೆ. ಶಾಕ್ ಕಾಲರ್‌ಗಳೂ ಇಲ್ಲಿ ಆನ್‌ಲೈನಿನಲ್ಲಿ ಸಲೀಸಾಗಿ ಸಿಗುತ್ತವೆ. ವೇಲ್ಸ್ ದೇಶ 2010ರಲ್ಲೇ ಅವುಗಳ ಬಳಕೆ ನಿಷೇಧಿಸಿತು. ಆರು ಕೆಜಿ ಜೀವದ ಕುತ್ತಿಗೆಗೆ ಕರೆಂಟು ಕೊಡುವುದು ನನ್ನ ಕೈಲಂತೂ ಆಗದ ಕೆಲಸ.

ಕುಕ್ಕೆ, ಬೆಲ್ಟು, ಗೇಟು

ಎತ್ತಿಗೆ ಬಾಯಿಕುಕ್ಕೆ ಕಟ್ಟಿದರೆ ಯಾರೂ ಬೆರಗಾಗುವುದಿಲ್ಲ, ನಾಯಿಗೆ ಕಟ್ಟಿದರೆ ಅಯ್ಯೋ ಪಾಪ ಅನ್ನುತ್ತಾರೆ. ಪಾಪ ಯಾವುದು ಅಂದರೆ ಬಟ್ಟೆಯ ಪಟ್ಟಿ. ಅದು ಬಾಯಿ ಬಿಗಿದುಬಿಡುತ್ತದೆ, ನಾಯಿ ನಾಲಿಗೆ ಹೊರಹಾಕಿ ಮೈ ತಣಿಸಿಕೊಳ್ಳಲು ಆಗುವುದಿಲ್ಲ. ಡಾಕ್ಟರ ಮೇಜಿನ ಮೇಲೆ ಎರಡು ನಿಮಿಷಕ್ಕೆ ಸರಿ, ವಾಕಿಂಗಿಗೆ ಬೇಡ. ಬುಟ್ಟಿಯಂಥ ಕುಕ್ಕೆಯಲ್ಲಿ ನೀರು ಕುಡಿಯಬಹುದು, ತಿಂಡಿ ತಿನ್ನಬಹುದು. ಪಗ್, ಶಿಟ್ಜುವಿನಂಥ ಚಪ್ಪಟೆ ಮೂತಿಗೆ ಬೇರೆ ಆಕಾರದ್ದೇ ಬೇಕು, ಅಳತೆ ಕೊಟ್ಟು ತರಿಸಿ. ಮೊದಲ ದಿನವೇ ಕಟ್ಟಿಬಿಡಬೇಡಿ. ಒಳಗೆ ಮೊಸರು ಸವರಿ, ತಾನಾಗಿ ಮೂತಿ ಹಾಕಲು ಕಲಿಸಬೇಕು. ಕಡ್ಲೆಗೆ ಮೂರು ವಾರ ಬೇಕಾಯಿತು.

ಕುತ್ತಿಗೆ ಬೆಲ್ಟಿಗಿಂತ ಎದೆಯ ಹಾರ್ನೆಸ್ ಒಳ್ಳೆಯದು. ಸಣ್ಣ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಸಾಮಾನ್ಯ, ಜಗ್ಗಿದರೆ ಕೆಮ್ಮು ಶುರು. ಆದರೆ ಈ ಮೂರರಲ್ಲಿ ನನ್ನ ಓಟು ಗೇಟಿಗೆ. ಮಕ್ಕಳಿಗೆ ಅಂತ ಮಾರುವ, ಬಾಗಿಲಿಗೆ ಸಿಕ್ಕಿಸುವ ಗೇಟು. ನೆಂಟರು ಬಂದರೆ ಅವನು ರೂಮಿನಲ್ಲಿ, ಅವರು ಹಾಲಿನಲ್ಲಿ. ಯಾರಿಗೂ ಏನೂ ಕಲಿಸಬೇಕಿಲ್ಲ, ಕೆಲಸ ಆ ದಿನದಿಂದಲೇ ಶುರು.

ಮಾತ್ರೆ ಮತ್ತು ಆಪರೇಷನ್

ಮಾತ್ರೆ ಅಂದರೆ ನಾಯಿಯನ್ನು ಮಂಕು ಮಾಡುವುದು ಅಂತ ನಾನೂ ಹೆದರಿದ್ದೆ. ಹೆದರಿಕೆ ಮೈತುಂಬ ಇರುವ ನಾಯಿಗೆ ಪನೀರು ಕೂಡ ಕಾಣಿಸುವುದಿಲ್ಲ. ಮಾತ್ರೆ ಅದನ್ನು ಪಾಠ ಕಲಿಯುವ ಮಟ್ಟಕ್ಕೆ ಇಳಿಸುತ್ತದೆ. ಫ್ಲೂಆಕ್ಸೆಟಿನ್‌ನಂಥದ್ದು ದಿನಾ ಕೊಡುವ ಔಷಧಿ, ಪರಿಣಾಮ ಕಾಣಲು ನಾಲ್ಕರಿಂದ ಎಂಟು ವಾರ. ದೀಪಾವಳಿ ಪಟಾಕಿಯಂಥ ದಿನಗಳಿಗೆ ಆ ಹೊತ್ತಿಗೆ ಮಾತ್ರ ಕೊಡುವ ಬೇರೆ ಔಷಧಿಗಳಿವೆ. ಎರಡೂ ಪಶುವೈದ್ಯರು ತೂಕ ನೋಡಿ ಬರೆಯಬೇಕು. ಮನೆಯ ಡಬ್ಬಿಯಿಂದ ಏನೂ ಕೊಡಬೇಡಿ. ನೋವಿಗೆ ಅಂತ ನಾವು ನುಂಗುವ ಐಬುಪ್ರೊಫೆನ್ ನಾಯಿಗೆ ವಿಷ. ತರಬೇತಿ ಇಲ್ಲದೆ ಬರೀ ಮಾತ್ರೆಯಿಂದ ಜಾಸ್ತಿ ನಿರೀಕ್ಷಿಸಬೇಡಿ.

ಆಪರೇಷನ್ನಿಗೆ ಬೇರೆ ಒಳ್ಳೆಯ ಕಾರಣಗಳಿವೆ. ಮರಿ ಬೇಡ, ಗಂಡು ಓಡಿಹೋಗುವುದು ಕಡಿಮೆಯಾಗಲಿ, ಹೆಣ್ಣಿಗೆ ಗರ್ಭಕೋಶದ ಸೋಂಕು ಬರದಿರಲಿ. ಹೆದರಿ ಕಚ್ಚುವ ನಾಯಿಯ ಹೆದರಿಕೆ ಅದರಿಂದ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಟ್ಟುಕೊಳ್ಳುವುದೋ ಕೊಡುವುದೋ

ಮೇಲಿನ ಮನೆಯವರಿಗೆ ಆಸ್ಪತ್ರೆ ಖರ್ಚು ಕೊಟ್ಟು ಕ್ಷಮೆ ಕೇಳಿದೆವು. ದೊಡ್ಡ ಮನಸ್ಸಿನವರು, ಒಪ್ಪಿದರು. ಒಪ್ಪದಿದ್ದರೂ ತಪ್ಪೇನಿರಲಿಲ್ಲ. ಪ್ರಾಣಿಯಿಂದ ಅಪಾಯ ಇದೆ ಅಂತ ಗೊತ್ತಿದ್ದೂ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾಯಿ ಸಣ್ಣದಾದರೆ ರಿಯಾಯಿತಿ ಅಂತ ಅಲ್ಲಿ ಬರೆದಿಲ್ಲ. ಇನ್ನೊಂದು ಕಡೆ, ಅಪಾರ್ಟ್‌ಮೆಂಟಿನವರು ನಾಯಿ ಸಾಕುವುದನ್ನೇ, ಲಿಫ್ಟ್ ಹತ್ತುವುದನ್ನೇ ನಿಷೇಧಿಸುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ಹೇಳುತ್ತದೆ. ಆ ಸುತ್ತೋಲೆಯ ಪ್ರಿಂಟ್ ಹಿಡಿದು ಜಗಳಕ್ಕೆ ಹೋಗುವುದಕ್ಕಿಂತ ಖಾಲಿ ಲಿಫ್ಟಿಗೆ ಕಾಯುವುದು ನನಗೆ ಸುಲಭ ಅನ್ನಿಸಿತು.

ಕೊಡಲೇಬೇಕಾದ ಮನೆಗಳೂ ಇವೆ. ಮುಖಕ್ಕೆ ಕಚ್ಚುವ ನಾಯಿ, ನೆಲದ ಮೇಲೆ ಹರಿದಾಡುವ ಕೂಸು ಒಂದೇ ಹಾಲಿನಲ್ಲಿದ್ದರೆ ಹಟ ಮಾಡುವುದು ಸರಿಯಲ್ಲ. ಮಕ್ಕಳಿಲ್ಲದ, ನಾಯಿ ಬಲ್ಲ ಮನೆ ಸಿಕ್ಕರೆ ಅದೃಷ್ಟ. ಅವರಿಗೆ ಎಷ್ಟು ಸಲ, ಯಾರಿಗೆ, ಎಷ್ಟು ಆಳಕ್ಕೆ ಕಚ್ಚಿದೆ ಅಂತ ಪೂರ್ತಿ ಹೇಳಿ. "ಸ್ವಲ್ಪ ಚೂಟಿ" ಅಂತ ಹೇಳಿ ದಾಟಿಸಬೇಡಿ. ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ಜಾಗ ಯಾವಾಗಲೂ ಕಡಿಮೆ, ಕಚ್ಚುವ ನಾಯಿಗೆ ಇನ್ನೂ ಕಡಿಮೆ. ರಾತ್ರಿ ಕಾರಿನಲ್ಲಿ ಕರೆದೊಯ್ದು ಯಾವುದೋ ಲೇಔಟಿನಲ್ಲಿ ಇಳಿಸಿ ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಸೋಫಾ ಮೇಲೆ ಬೆಳೆದ ಆರು ಕೆಜಿ ನಾಯಿ ಬೀದಿನಾಯಿಗಳ ನಡುವೆ ಬದುಕುವುದೂ ಇಲ್ಲ. ತುಂಬ ಅಪರೂಪಕ್ಕೆ, ಎಲ್ಲ ಮಾಡಿ ಸೋತ ಮೇಲೆ, ಡಾಕ್ಟರೇ ಕೊನೆಯ ಇಂಜೆಕ್ಷನ್ನಿನ ಮಾತು ಎತ್ತುವುದುಂಟು. ಆ ಮಾತು ಡಾಕ್ಟರಿಂದ ಬರಬೇಕು, ಪಕ್ಕದ ಮನೆಯವರಿಂದ ಅಲ್ಲ.

ನಮ್ಮಲ್ಲಿ ಅಷ್ಟು ದೂರ ಹೋಗಲಿಲ್ಲ. ಎರಡು ಹಲ್ಲು ತೆಗೆಸಿದೆವು. ಮಂಡಿಗೆ ತೂಕ ಇಳಿಸಿ, ನೋವಿನ ಔಷಧಿ ಕೊಟ್ಟು ನೋಡುತ್ತಿದ್ದೇವೆ. ಅತ್ತೆಯ ಸೆರಗಿನ ತುದಿಯಲ್ಲಿ ಈಗ ಯಾವಾಗಲೂ ಪನೀರಿನ ಒಂದು ಪುಟ್ಟ ಡಬ್ಬಿ. "ಇಳಿಯಪ್ಪಾ, ನಾನು ಕೂತ್ಕೋಬೇಕು" ಅಂದರೆ ಇಳಿಯುತ್ತಾನೆ, ಹತ್ತರಲ್ಲಿ ಎಂಟು ಸಲ. ಉಳಿದೆರಡು ಸಲ ಅತ್ತೆ ಕುರ್ಚಿಯ ಮೇಲೆ ಕೂರುತ್ತಾರೆ.

ಸೆಂಟರಿನಿಂದ ಬಂದ ಮೇಲೆ ಕಡ್ಲೆ ಸುಮಾರು ಒಂದು ವರ್ಷ ಗುರ್ ಅಂದಿರಲಿಲ್ಲ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದ ಹುಡುಗ ಒಳಗೆ ಕಾಲಿಟ್ಟಾಗ ಅಡುಗೆಮನೆ ಬಾಗಿಲಲ್ಲಿ ನಿಂತು, ತುಟಿ ಮೇಲೆತ್ತಿ, ಗುರ್ರ್ ಅಂದ. ಮಗಳು ರೂಮಿನಿಂದ ಓಡಿ ಬಂದಳು. "ಅಮ್ಮಾ, ಕೇಳಿಸ್ತಾ?" ನಾನು ಗೇಟು ಹಾಕಿ, ಅವನಿಗೊಂದು ಪನೀರು ಕೊಟ್ಟು, ಸಿಲಿಂಡರಿನ ದುಡ್ಡು ಎಣಿಸಿದೆ.